ಪಟ್ಟಿಯಲ್ಲಿಲ್ಲದ ಹೆಸರು

ಕುಲಗೋಡದ ಗ್ರಂಥಾಲಯಕ್ಕೆ ಆ ಶನಿವಾರ ಹೊಸ ಪುಸ್ತಕಗಳ ಪೆಟ್ಟಿಗೆ ಬಾರದೆ ಇದ್ದಿದ್ದರೆ, ಶೈಲಾಳಿಗೆ ತನ್ನ ಮಗಳ ವಿಷಯ ಇನ್ನೂ ಎಷ್ಟು ದಿನ ಗೊತ್ತಾಗುತ್ತಿರಲಿಲ್ಲವೋ.

ಪಂಚಾಯಿತಿ ಕಚೇರಿಗೆ ಹೊಂದಿಕೊಂಡಿದ್ದ ಎರಡು ಕೋಣೆಗಳ ಆ ಗ್ರಂಥಾಲಯವನ್ನು ಶೈಲಾ ಎಂಟು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಳು. ಮುಂದಿನ ಕೋಣೆ ಪೇಪರು ಓದುವ ಗಂಡಸರದು. ಹಿಂದಿನದು ಮಕ್ಕಳದು, ಅವಳ ಜೀವವೆಲ್ಲ ಅಲ್ಲೇ. ಚಿತ್ರದ ಪುಸ್ತಕಗಳನ್ನು ಮಕ್ಕಳ ಕೈಗೆ ಎಟಕುವಂತೆ ದಾರಕ್ಕೆ ನೇತುಹಾಕಿದ್ದಳು. ಯಾವ ಹುಡುಗಿಗೆ ದೆವ್ವದ ಕಥೆ ಬೇಕು, ಯಾರು ಪುಟ ಮಡಚುತ್ತಾರೆ, ಯಾರ ಮನೆಗೆ ಹೋದ ಪುಸ್ತಕ ಎಣ್ಣೆಯ ಕಲೆ ಮಾಡಿಕೊಂಡು ಬರುತ್ತದೆ, ಎಲ್ಲ ಅವಳಿಗೆ ಗೊತ್ತು. ಹೊಸ ಪುಸ್ತಕ ಬಂದರೆ ಮೊದಲು ತಾನು ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಗಟ್ಟಿಯಾಗಿ ಓದುವುದು, ಆಮೇಲೆ ಅವರ ಕೈಗೆ ಕೊಡುವುದು ಅವಳ ರೂಢಿ.

ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ಕಥೆಯ ಹೊತ್ತು. ಅದರಲ್ಲಿ ಸಣ್ಣವರಿಗೆ ಓದಿ ಹೇಳುತ್ತಿದ್ದವಳು ಶೈಲಾಳ ಒಬ್ಬಳೇ ಮಗಳು ಕಾಜಲ್. ನಾಲ್ಕನೆಯ ತರಗತಿ, ಒಂಬತ್ತು ವರ್ಷ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತ, ಮುದುಕಿಗೆ ಮುದುಕಿಯ ದನಿ, ನರಿಗೆ ನರಿಯ ದನಿ ತೆಗೆದು ಓದಿದರೆ ಪೇಪರು ಓದುವವರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮೂಡಲಗಿಯಲ್ಲಿ ನಡೆಯಲಿದ್ದ ಮಕ್ಕಳ ಗಟ್ಟಿಓದಿನ ಸ್ಪರ್ಧೆಗೆ ಕುಲಗೋಡದಿಂದ ಕಾಜಲ್ ಹೆಸರನ್ನೇ ಕಳಿಸಿದ್ದಾಗಿತ್ತು.

ಪೆಟ್ಟಿಗೆ ಬಂದದ್ದು ಅದೇ ಹೊತ್ತಿಗೆ. ರಸೀದಿಗೆ ಸಹಿ ಮಾಡುವ ಗಡಿಬಿಡಿಯಲ್ಲಿ ಶೈಲಾ ಮೇಲಿನದೊಂದು ಪುಸ್ತಕ ತೆಗೆದು ಮಗಳ ಕೈಗೆ ಕೊಟ್ಟು, ಓದುತ್ತಿರು ಎಂದಳು. ಮುಖಪುಟದಲ್ಲಿ ಹೊಲಿಗೆ ಯಂತ್ರದ ಮುಂದೆ ನಿಂತ ಒಂಟೆಯ ಚಿತ್ರವಿತ್ತು. ಕಾಜಲ್ ಓದಿದಳು. ಒಂಟೆ ದರ್ಜಿಯ ಯಂತ್ರ ಕದ್ದು ಓಡಿತು, ಸಂತೆಯಲ್ಲಿ ಸಿಕ್ಕಿಬಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು.

ಮಕ್ಕಳೆಲ್ಲ ಹೋದ ಮೇಲೆ ಪುಸ್ತಕಕ್ಕೆ ನಂಬರು ಹಾಕಲು ಕುಳಿತ ಶೈಲಾ ಅದನ್ನು ತಿರುವಿ ನೋಡಿದಳು. ಚಳಿಯಾಯಿತೆಂದು ಒಂಟೆ ದರ್ಜಿಯ ಹತ್ತಿರ ಬಂದು ತನ್ನ ಡುಬ್ಬಕ್ಕೆ ಟೋಪಿ ಹೊಲಿಸಿಕೊಳ್ಳುವ ಕಥೆ ಅದು. ಕಳ್ಳತನವೂ ಇರಲಿಲ್ಲ, ಸಂತೆಯೂ ಇರಲಿಲ್ಲ. ಮಗಳು ತಾನೇ ಕಥೆ ಕಟ್ಟಿದ್ದಾಳೆ ಎಂದು ಮೊದಲು ಖುಷಿಯಾಯಿತು. ಆಮೇಲೆ ಆ ಬೆರಳು ನೆನಪಾಯಿತು. ಕಥೆ ಕಟ್ಟುವವಳು ಸಾಲಿನ ಕೆಳಗೆ ಬೆರಳು ಯಾಕೆ ಆಡಿಸಬೇಕು? ಸಾಲು ಮುಗಿದ ಕಡೆ ಬೆರಳು ಸರಿಯಾಗಿ ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ಈ ಪುಸ್ತಕವೊಂದನ್ನೇ ತಾನು ಮೊದಲು ಓದಿ ಹೇಳಿರಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಮುದಕವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಶೈಲಾ ಮಗಳನ್ನು ಹತ್ತಿರ ಕೂಡಿಸಿಕೊಂಡು ಅದೇ ಪುಸ್ತಕ ತೆರೆದು, ಚಿತ್ರವನ್ನು ಅಂಗೈಯಿಂದ ಮುಚ್ಚಿದಳು.

"ಇದೊಂದ ಸಾಲು ಓದು."

ಕಾಜಲ್ ತಾಯಿಯ ಅಂಗೈ ನೋಡಿದಳು, ಆಮೇಲೆ ಅಜ್ಜಿಯನ್ನು ನೋಡಿದಳು. ಮುದಕವ್ವ ತಲೆ ಎತ್ತದೆ, ಒಂದು ತಂಬಿಗೆ ನೀರು ತಾ ಎಂದು ಹುಡುಗಿಯನ್ನು ಕರೆದಳು.

"ನೀರ ನಾ ತರ್ತೇನ್ರಿ ಅತ್ತಿ. ಅಕಿ ಓದ್ಲಿ."

ಒಂಟೆಗೆ ಚಳಿಯಾಯಿತು ಎಂಬುದಷ್ಟೇ ಆ ಸಾಲು. ಕಾಜಲ್ "ಒಂಟೆ" ಎಂದಳು, ನಿಂತಳು, "ಬಂತು" ಎಂದು ತಾಯಿಯ ಮುಖ ನೋಡಿದಳು. ಶೈಲಾ ಒಂದು ಹಾಳೆಯ ಮೇಲೆ ಮರ, ಮನೆ, ನೀರು, ಅಕ್ಕ ಎಂದು ಬರೆದು ತೋರಿಸಿದಳು. ಮರ ಎಂಬುದೊಂದನ್ನು ಓದಿದ ಹುಡುಗಿ ಉಳಿದವಕ್ಕೆ ತುಟಿ ಕಚ್ಚಿಕೊಂಡು ಕುಳಿತಳು. ಮ ಯಾವುದು, ವ ಯಾವುದು ಎಂದರೆ ಗೊಂದಲ. ಪ, ಷ ಅವಳಿಗೆ ಒಂದೇ.

"ನಿನ್ನೆ ಬರತಿತ್ತವ್ವಾ," ಎಂದಳು. "ಇವತ್ತ ಹೋಗೇತಿ."

ಮೂರು ವರ್ಷದಿಂದ ಈ ಹುಡುಗಿ ಪಾಸಾಗುತ್ತ ಬಂದಿದ್ದಳು. ಶಿಕ್ಷಕಿ ಓದಿದ್ದನ್ನು ಒಂದೆರಡು ಸಲ ಕೇಳಿದರೆ ಪಾಠ ಪೂರ್ತಿ ಬಾಯಿಗೆ ಬರುತ್ತಿತ್ತು. ಹಲಗೆಯ ಮೇಲಿದ್ದುದನ್ನು ಮುತ್ತಿನಂಥ ಅಕ್ಷರದಲ್ಲಿ ನೋಡಿ ಬರೆಯುತ್ತಿದ್ದಳು. ಗ್ರಂಥಾಲಯದ ಕಥೆಗಳನ್ನೆಲ್ಲ ತಾಯಿಯ ಬಾಯಿಂದಲೇ ಕಲಿತಿದ್ದಳು. ಶೈಲಾ ಹಾಳೆ ಹಿಡಿದುಕೊಂಡೇ ಅತ್ತೆಯ ಕಡೆ ತಿರುಗಿದಳು.

"ಅತ್ತಿ, ನಿಮಗ ಇದು ಗೊತ್ತಿತ್ತೇನ್ರಿ?"

ಮುದಕವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಗೊತ್ತಿತ್ತು. ಎರಡ ವರ್ಷ ಆತು."

ಯಾರದೋ ಮದುವೆಯ ಕಾರ್ಡು ಬಂದಿತ್ತಂತೆ. ಓದು ಎಂದು ಕೊಟ್ಟರೆ ಹುಡುಗಿ ಅಜ್ಜಿಯನ್ನೇ, ಯಾರ ಮದುವೆ ಆಯಿ, ಯಾವ ಊರಾಗ ಎಂದು ಕೇಳಿ ತಿಳಿದುಕೊಂಡಳಂತೆ.

"ಮೊದಲ ಕೇಳಿದ್ಲು, ಆಮ್ಯಾಲ ಓದಿದ್ಲು. ನಾನೂ ಜೀವಮಾನ ಎಲ್ಲಾ ಹಂಗ ಮಾಡೇನಿ. ನನಗ ಅಕ್ಷರ ಬರಂಗಿಲ್ಲ ಶೈಲಾ, ಬರಲಾರದವರ ಕಣ್ಣ ಮಾತ್ರ ನನಗ ಗೊತ್ತಾಕ್ಕಾವ."

"ಮತ್ತ ನನಗ್ಯಾಕ ಹೇಳಲಿಲ್ರಿ?"

"ಅಕೀನ ಕೇಳು."

ಮತ್ತೆ ಮತ್ತೆ ಕೇಳಿದ ಮೇಲೆ ಕಾಜಲ್ ಹಾಳೆಯ ಮೂಲೆ ಮಡಚುತ್ತ ಹೇಳಿದಳು, "ನಿನಗ ಓದೂ ಹುಡುಗೋರಷ್ಟ ಸೇರ್ತಾರಲ್ಲವ್ವಾ."

ಆ ಹೊತ್ತು ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಶೈಲಾಳ ಗಂಡ ಬಸವಲಿಂಗ ಬಸ್‌ಸ್ಟ್ಯಾಂಡಿನ ಹತ್ತಿರ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟಿದ್ದ. ಮಗಳು ಮೂಡಲಗಿಗೆ ಓದಲು ಹೋಗುತ್ತಾಳೆಂದು ಅಂಗಡಿಗೆ ಬಂದ ರೈತರಿಗೆಲ್ಲ ಹೇಳಿಕೊಂಡಿದ್ದ. ವಿಷಯ ಕೇಳಿ ಅವನು ಮೊದಲು ನಂಬಲಿಲ್ಲ. ತಾನೇ ಮಗಳ ಮುಂದೆ ಪೇಪರು ಹಿಡಿದು ನೋಡಿದ. ಆಮೇಲೆ ತಾಟು ಸರಿಸಿದ.

"ಊರ ಹುಡುಗೋರ್ನೆಲ್ಲಾ ಓದಸ್ತಿ. ಮನ್ಯಾಗಿನ ಒಂದ ಕೂಸ ನೋಡಾಕ ಆಗಲಿಲ್ಲೇನ ನಿನಗ?"

"ನೀವೂ ಅಕಿ ಅಪ್ಪ ಅದೀರಿ. ಒಂದ ದಿನಾರ ಬಾಜೂ ಕೂಡ್ರಿಸ್ಕೊಂಡ ಓದಿಸೀರೇನ?"

ಮೊಬೈಲಿಂದ ಹೀಗಾಯಿತು ಎಂದ. ಸರಕಾರಿ ಶಾಲೆಯ ತಪ್ಪು ಎಂದ. ವಿಷಯ ಮುಚ್ಚಿಟ್ಟ ತನ್ನ ತಾಯಿಗೂ ನಾಲ್ಕು ಮಾತು ಅಂದ. ಕೊನೆಗೆ ಮೂವರೂ ಒಪ್ಪಿದ್ದು ಒಂದೇ ಮಾತನ್ನು. ಹೊರಗೆ ಯಾರಿಗೂ ಗೊತ್ತಾಗಬಾರದು.

ಮರುದಿನದಿಂದ ಶೈಲಾ ಬೆಳಗ್ಗೆ ಆರಕ್ಕೆ ಮಗಳನ್ನು ಎಬ್ಬಿಸಿ ಪಾಟಿಯ ಮುಂದೆ ಕೂಡಿಸಿದಳು. ಕ ಕಾ ಕಿ ಕೀ. ಇಂದು ಕಲಿತ ಐದು ಅಕ್ಷರದಲ್ಲಿ ನಾಳೆಗೆ ಎರಡು ಉಳಿಯುತ್ತಿದ್ದವು. ಕಾಜಲ್ ಗ್ರಂಥಾಲಯಕ್ಕೆ ಬರುವುದನ್ನು ಬಿಟ್ಟಳು. ಶನಿವಾರ ಕಾಜಲ್ ಎಲ್ಲಿ ಎಂದು ಮಕ್ಕಳು ಕೇಳಿದರೆ ಶೈಲಾ ಜ್ವರ ಎಂದು ಹೇಳಿದಳು. ಹನ್ನೆರಡನೆಯ ದಿನ ಒಂದೇ ಅಕ್ಷರವನ್ನು ಒಂಬತ್ತು ಸಲ ತಪ್ಪಿದಾಗ ಶೈಲಾಳ ಕೈ ಎದ್ದಿತು. ಗ್ರಂಥಾಲಯದಲ್ಲಿ ಯಾರ ಮಗುವನ್ನೂ ಗದರಿಸಲು ಬಿಡದ ಹೆಂಗಸು ತನ್ನ ಮಗಳ ಕೆನ್ನೆಗೆ ಹೊಡೆದು, ಹೊಡೆದ ಕೈಯನ್ನೇ ನೋಡುತ್ತ ನಿಂತಳು. ಮುದಕವ್ವ ಒಳಗಿಂದ ಬಂದು ಪಾಟಿ ಎತ್ತಿಕೊಂಡು ಹೋಗಿ ಅಟ್ಟದ ಮೇಲಿಟ್ಟಳು.

"ಓದಾಕ ಬರಲಿಲ್ಲಂತ ನಾ ಸತ್ತೇನೇನ?" ಎಂದಳು. "ಹೊಡತಾ ತಿಂದ ಕಲಿಯೂದಿದ್ರ ನಾನೂ ಕಲೀತಿದ್ದೆ."

ಆ ವಾರ ಶೈಲಾಳ ತಂದೆ ಸಿದ್ರಾಯ ಹತ್ತರಗಿಯಿಂದ ಬಸ್ಸಿನಲ್ಲಿ ಬಂದ. ಹುಕ್ಕೇರಿ ಸೀಮೆಯ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಅವನೊಬ್ಬನಿಗೆ ಹೇಳಬಹುದು, ಅವನಿಗೆ ಉಪಾಯ ಗೊತ್ತಿರುತ್ತದೆ ಎಂದು ಶೈಲಾ ಕಾಯುತ್ತಿದ್ದಳು. ಊಟಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಬಡಿಸಿ ಮುಂದೆ ಕುಳಿತು ಎಲ್ಲ ಹೇಳಿದಳು. ಸಿದ್ರಾಯ ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೇಳಿದ.

"ಇಂಥಾ ಹುಡುಗೋರ ನಿಮ್ಮ ಸಾಲ್ಯಾಗ ಇದ್ರೇನ ಅಪ್ಪಾ?"

"ಇದ್ರು. ವರ್ಷಾ ಇಬ್ರು ಮೂವರು ಇರತಿದ್ರು."

"ಏನ್ ಮಾಡತಿದ್ರಿ?"

ಸಿದ್ರಾಯ ತುತ್ತನ್ನು ತಾಟಿನಲ್ಲಿಟ್ಟ. "ಹಿಂದ ಕೂಡಸ್ತಿದ್ದೆ. ದಡ್ಡ ಅದಾವ ಅಂತ ಅವರ ಅಪ್ಪಗೋಳಿಗೆ ಹೇಳತಿದ್ದೆ. ಭಾಳ ಮಂದಿ ಸಾಲಿ ಬಿಟ್ಟ ಹ್ವಾದ್ರು."

ಮೂವತ್ತನಾಲ್ಕು ವರ್ಷ, ವರ್ಷಕ್ಕೆ ಇಬ್ಬರು ಮೂವರು. ಶೈಲಾಳಿಗೆ ಅಪ್ಪನ ಮುಖ ನೋಡಲಾಗಲಿಲ್ಲ. ಕಾಜಲ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳೆಂಬುದು ಸಿದ್ರಾಯ ಕೈ ತೊಳೆಯಲು ಎದ್ದಾಗಲೇ ತಿಳಿದದ್ದು. ಅವನು ಮೊಮ್ಮಗಳ ತಲೆಯ ಮೇಲೆ ಕೈ ಇಡಲು ಹೋಗಿ, ಇಡದೆ, ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತ. ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೊರಟುಹೋದ.

ಸೋಮವಾರ ಗಂಡಹೆಂಡತಿ ಮಗಳನ್ನು ಗೋಕಾಕಕ್ಕೆ ಕರೆದುಕೊಂಡು ಹೋದರು. ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ಕಣ್ಣು, ಕಿವಿ ನೋಡಿ, ಆಟದ ಹಾಗೆ ಒಂದು ತಾಸು ಏನೇನೋ ಮಾಡಿಸಿ, ಹುಡುಗಿ ಚುರುಕಾಗಿದ್ದಾಳೆ ಎಂದರು. ಕೆಲವು ಮಕ್ಕಳಿಗೆ ಅಕ್ಷರ ತಲೆಗೆ ಹೋಗುವ ದಾರಿಯೇ ಬೇರೆ ಇರುತ್ತದೆ, ಇದು ಸೋಮಾರಿತನವಲ್ಲ, ಹೊಡೆದರೆ ಇನ್ನೂ ಕೆಡುತ್ತದೆ. ದೊಡ್ಡ ಅಕ್ಷರದಲ್ಲಿ, ಉಸುಕಿನಲ್ಲಿ ಬೆರಳಿಂದ ಬರೆಸಿ, ಕೇಳಿಸುತ್ತ ತೋರಿಸುತ್ತ ಮೆಲ್ಲಗೆ ಕಲಿಸಬೇಕು. ತಿಂಗಳುಗಳ ಮಾತಲ್ಲ, ವರ್ಷಗಳದು. ಬೆಳಗಾವಿಯಲ್ಲಿ ಇದರ ಪೂರಾ ಪರೀಕ್ಷೆ ಆಗುತ್ತದೆ ಎಂದು ಚೀಟಿ ಬರೆದುಕೊಟ್ಟರು. ಪ್ರತಿ ತರಗತಿಯಲ್ಲೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ ಎಂದೂ ಹೇಳಿದರು. ಟಾನಿಕ್ ಏನಾದರೂ ಇದೆಯೇ ಎಂದು ಬಸವಲಿಂಗ ಮೂರು ಸಲ ಕೇಳಿದ.

ತಿರುಗಿ ಬರುವ ಬಸ್ಸಿನಲ್ಲಿ ಅವನು ಮೆಲ್ಲಗೆ, "ವೈಂಡಿಂಗ್ ತಪ್ಪಿದ್ರ ಬಿಚ್ಚಿ ಮತ್ತ ಸುತ್ತಬಹುದು. ಇದಕ್ಕ ಏನ್ ಮಾಡೂದು," ಎಂದ. ಕಾಜಲ್ ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದಳು. ಶೈಲಾಳ ತಲೆಯಲ್ಲಿ ಡಾಕ್ಟರು ಕೊನೆಗೆ ಹೇಳಿದ ಮಾತು ಮತ್ತು ಅಪ್ಪ ಹೇಳಿದ ಲೆಕ್ಕ ಎರಡೂ ಕೂಡಿಕೊಂಡವು. ಗ್ರಂಥಾಲಯದಲ್ಲಿ ಅರವತ್ತೆರಡು ಮಕ್ಕಳ ಕಾರ್ಡುಗಳಿದ್ದವು.

ಮುಂದಿನ ಎರಡು ವಾರ ಪುಸ್ತಕ ಒಯ್ಯಲು ಬಂದ ಪ್ರತಿ ಮಗುವನ್ನೂ ಶೈಲಾ ಮೇಜಿನ ಈಚೆ ಕರೆದು, ಬೇರೆಯವರಿಗೆ ಕೇಳದಂತೆ ಕಿವಿಯ ಹತ್ತಿರ ಒಂದು ಸಾಲು ಓದಿಸಿದಳು. ಮೊದಲ ದಿನವೇ ಮೂವರು ಓದಲಿಲ್ಲ. ಒಬ್ಬಳು ಪುಸ್ತಕ ತಲೆಕೆಳಗೆ ಹಿಡಿದಿದ್ದಳು. ಇನ್ನೊಬ್ಬಳ ಕಾರ್ಡಿನಲ್ಲಿ ಮುದ್ರೆ ಒತ್ತಲು ಜಾಗವೇ ಇರಲಿಲ್ಲ, ಅಷ್ಟು ಪುಸ್ತಕ ಒಯ್ದಿದ್ದಳು. ಚಿತ್ರ ನೋಡಿ ತಂದುಕೊಡುತ್ತಿದ್ದಳಂತೆ. ಎರಡು ವಾರ ಮುಗಿದಾಗ ಅಂಥವರು ಹದಿನಾಲ್ಕು ಮಂದಿ ಆದರು. ಇವರನ್ನೆಲ್ಲ ಶೈಲಾ ತಿಂಗಳು ತಿಂಗಳು ವರದಿಯಲ್ಲಿ ಓದುಗರು ಎಂದು ಬರೆದು ಕಳಿಸಿದ್ದಳು. ಅವಳು ಕದ ಹಾಕಿಕೊಂಡು, ದಾರಕ್ಕೆ ನೇತುಬಿದ್ದ ಪುಸ್ತಕಗಳ ನಡುವೆ ನೆಲದ ಮೇಲೆ ಕುಳಿತುಬಿಟ್ಟಳು.

ದಿನಾ ಸಂಜೆ ಅರ್ಧ ತಾಸು ಈ ಹದಿನಾಲ್ಕು ಮಂದಿಗೆ ಬೇರೆಯಾಗಿ ಕಲಿಸುವುದೆಂದು ಹೆಸರು ಬರೆದ ಪಟ್ಟಿಯನ್ನು ಮನೆಗೆ ತಂದಳು. ಎರಡೇ ದಿನಕ್ಕೆ ಪಟ್ಟಿಯ ಸುದ್ದಿ ಓಣಿಯಲ್ಲಿ ಹರಡಿತು. ಆ ಹೆಸರುಗಳಲ್ಲಿ ಒಬ್ಬಳು ದರ್ಜಿ ಅಯೂಬನ ಮಗಳು ಸಮ್ರೀನ. ಅವಳ ತಾಯಿ ಜರೀನಾಬಿ ಸಂಜೆ ಮನೆಬಾಗಿಲಿಗೆ ಬಂದಳು.

"ನನ್ನ ಮಗಳಿಗೆ ಓದಾಕ ಬರಂಗಿಲ್ಲಂತ ಬರಕೊಂಡೀರಂತ, ಖರೇನ್ರಿ?"

ಶೈಲಾ ಡಾಕ್ಟರು ಹೇಳಿದ್ದನ್ನೆಲ್ಲ ತನ್ನದೇ ಮಾತಿನ ಹಾಗೆ ತಿಳಿಸಿ ಹೇಳಿದಳು. ಹುಡುಗಿ ದಡ್ಡಳಲ್ಲ, ನಾಚಿಕೆಪಡಬೇಕಾದ್ದೇನೂ ಇಲ್ಲ, ಮೆಲ್ಲಗೆ ಕಲಿಸೋಣ ಎಂದಳು. ಜರೀನಾಬಿ ಸೆರಗಿನಿಂದ ಕಣ್ಣೊರಸಿಕೊಂಡಳು.

"ನೀವು ಹೇಳ್ತೀರಿ ಅಕ್ಕಾರ. ನಿಮ್ಮ ಕಾಜಲ್ ಅಷ್ಟ ಚೆಂದ ಓದತಾಳ. ನಮ್ಮ ಸಂಕಟ ನಿಮಗೇನ್ ಗೊತ್ತಾಗಬೇಕ್ರಿ."

ಶೈಲಾ ಹೇಳಿಬಿಡಲೆಂದು ಬಾಯಿ ತೆರೆದಳು. ಹೊಸ್ತಿಲಲ್ಲಿ ನಿಂತಿದ್ದ ಬಸವಲಿಂಗ ಅವಳನ್ನೇ ದಿಟ್ಟಿಸಿದ.

"ಚಾ ಕುಡದ ಹೋಗ್ರಿ," ಎಂದಳು.

ಜರೀನಾಬಿ ಹೋದ ಮೇಲೆ ಚಹಾದ ಕಪ್ಪು ತೆಗೆದುಕೊಂಡು ಒಳಗೆ ಬಂದರೆ, ಕಾಜಲ್ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬೆರಳಿಡುತ್ತ ಮೇಲಿಂದ ಕೆಳಗೆ ಬರುತ್ತಿದ್ದಳು. ಕೊನೆಗೆ ಬಂದು ಮತ್ತೆ ಮೇಲಿಂದ ಶುರು ಮಾಡಿದಳು.

"ಏನ್ ನೋಡಾಕತ್ತಿ?"

"ನನ್ನ ಹೆಸರ ನನಗ ಗೊತ್ತಾಕ್ಕೈತಿ," ಎಂದಳು ಕಾಜಲ್. "ಇದ್ರಾಗ ಇಲ್ಲ."

ಹದಿನಾಲ್ಕು ಹೆಸರು ಬರೆಯುವಾಗ ಮಗಳದು ಬಿಟ್ಟೆ ಎಂಬುದು ಶೈಲಾಳಿಗೆ ಆ ಕ್ಷಣದವರೆಗೆ ಹೊಳೆದೇ ಇರಲಿಲ್ಲ. ಬಿಡಬೇಕೆಂದು ಬಿಟ್ಟದ್ದಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಪೆನ್ನು ತಂದು ಹೆಸರು ಸೇರಿಸೋಣವೆಂದರೆ ಮಗಳು ಪಟ್ಟಿ ನೆಲದ ಮೇಲಿಟ್ಟು ಅಜ್ಜಿಯ ಹತ್ತಿರ ಹೋಗಿಬಿಟ್ಟಿದ್ದಳು.

ಮೂಡಲಗಿಯ ಸ್ಪರ್ಧೆಗೆ ನಾಲ್ಕು ದಿನ ಉಳಿದಿತ್ತು. ಹೆಸರು ತೆಗೆಸು, ಜ್ವರ ಅಂತ ಬರೆ ಎಂದ ಬಸವಲಿಂಗ. ಮುದಕವ್ವಳದೂ ಅದೇ ಮಾತು. ಊಟ ಮಾಡುತ್ತಿದ್ದ ಕಾಜಲ್ ತಲೆ ಎತ್ತಿ ಕೇಳಿದಳು, "ಅಲ್ಲೆ ನನ್ನ ಹೆಸರ ಐತೇನ?"

"ಐತಿ."

"ಹಂಗಾರ ಹೊಕ್ಕೇನಿ."

ಯಾರ ಮಾತಿಗೂ ಜಗ್ಗಲಿಲ್ಲ. ಸ್ಪರ್ಧೆಗೆ ಅವರವರದೇ ಪುಸ್ತಕ ತರಬಹುದಾಗಿತ್ತು. ಹಾಗಾಗಿ ಶೈಲಾ ಏನು ಮಾಡಿದಳೆಂದರೆ, ಮೂರು ಪುಟದ ಒಂದು ಸಣ್ಣ ಕಥೆ ಆರಿಸಿ, ಮಗಳನ್ನು ಮುಂದೆ ಕೂಡಿಸಿಕೊಂಡು ಐದು ಸಲ ಓದಿ ಹೇಳಿದಳು. ಪುಟ ಎಲ್ಲಿ ತಿರುವಬೇಕು ಎಂಬುದನ್ನೂ ಹೇಳಿಕೊಟ್ಟಳು. ಮುದಕವ್ವ ಕಾಳು ಹಸನು ಮಾಡುತ್ತ ಇದನ್ನು ನೋಡಿದಳು. ಸೊಸೆ ತನ್ನ ಕಡೆ ನೋಡಿದಾಗ ಮೊರದ ಕಡೆ ಮುಖ ತಿರುಗಿಸಿದಳು.

ಶಾಲೆಯೊಂದರ ಸಭಾಗೃಹದಲ್ಲಿ ಸ್ಪರ್ಧೆ. ಸುತ್ತಲಿನ ಗ್ರಂಥಾಲಯಗಳವರು, ಶಿಕ್ಷಕರು, ತಂದೆತಾಯಿಗಳು, ಮೇಲಿನ ಅಧಿಕಾರಿಗಳು. ಶೈಲಾ ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದಳು. ಆರು ಮಕ್ಕಳು ಓದಿದ ಮೇಲೆ ಕಾಜಲ್ ಹೆಸರು ಕರೆದರು. ಎರಡು ಜಡೆ, ಹಸಿರು ರಿಬ್ಬನ್ನು. ಮೈಕಿನ ಮುಂದೆ ನಿಂತು ಪುಸ್ತಕ ತೆರೆದಳು. ಬೆರಳನ್ನು ಮೊದಲ ಸಾಲಿನ ಕೆಳಗೆ ಇಟ್ಟಳು. ಶೈಲಾಳ ತುಟಿಗಳು ತಮ್ಮಷ್ಟಕ್ಕೇ ಕಥೆಯ ಮೊದಲ ಮಾತಿಗೆ ಅಲುಗಿದವು.

ಕಾಜಲ್ ಪುಸ್ತಕ ಮುಚ್ಚಿದಳು.

"ನನಗ ಓದಾಕ ಬರಂಗಿಲ್ರಿ," ಎಂದಳು. ಮೈಕಿನಲ್ಲಿ ಅದು ದೊಡ್ಡದಾಗಿ ಕೇಳಿತು. "ಈ ಕಥಿ ಬಾಯಿಪಾಠ ಮಾಡೇನಿ. ಓದಿದಂಗ ಮಾಡತಿದ್ದೆ. ಬೇಕಾರ ಹಂಗ ಹೇಳ್ತೇನ್ರಿ."

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು, ನಿನ್ನನ್ನು ಇಲ್ಲಿಗೆ ಕಳಿಸಿದವರು ಯಾರು, ಯಾವ ಗ್ರಂಥಾಲಯ ಎಂದು ಕೇಳಿದರು.

"ಕುಲಗೋಡರಿ. ಗ್ರಂಥಾಲಯ ನೋಡ್ಕೊಳ್ಳಾಕಿ ನಮ್ಮವ್ವರಿ. ಅಲ್ಲೆ ಕುಂತಾಳ."

ತಲೆಗಳು ತಿರುಗಿದವು. ಮೊದಲು ಬೇರೆ ಯಾರ ಕಡೆಗೋ, ಆಮೇಲೆ ಶೈಲಾಳ ಕಡೆ. ಏಳಬೇಕೆಂದು ಅವಳಿಗೆ ಗೊತ್ತಿತ್ತು. ಕುಳಿತೇ ಇದ್ದಳು. ಮೇಲಿನ ಅಧಿಕಾರಿ ಅವಳನ್ನು ಗುರುತಿಸಿ ಹುಬ್ಬು ಗಂಟು ಹಾಕಿದ್ದು ಕಾಣಿಸಿತು. ಪಕ್ಕದ ಹೆಂಗಸು ತನ್ನ ಮಗಳ ಕಿವಿಯಲ್ಲಿ ಏನೋ ಅಂದದ್ದು ಕೇಳಿಸಿತು. ಮೈಕಿನ ಮುಂದೆ ಕಾಜಲ್ ಸುಮ್ಮನೆ ನಿಂತು ತಾಯಿಯನ್ನು ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಕಾಯುತ್ತಿದ್ದಳು.

ಶೈಲಾ ಎದ್ದು ನಿಂತಳು.

"ನನ್ನ ಮಗಳ್ರಿ," ಎಂದಳು. "ನಮ್ಮ ಗ್ರಂಥಾಲಯದಾಗ ಓದಾಕ ಬರಲಾರದ ಹುಡುಗೋರ ಹದಿನೈದ ಮಂದಿ ಅದಾರ್ರಿ. ನಾನು ಇಷ್ಟ ದಿನಾ ನೋಡೇ ಇರಲಿಲ್ಲ."

ಏನು ಮಾಡಬೇಕೆಂದು ತೀರ್ಪುಗಾರರಿಗೂ ತಿಳಿಯಲಿಲ್ಲ. ತಮ್ಮತಮ್ಮಲ್ಲಿ ಮಾತಾಡಿಕೊಂಡು, ಸ್ಪರ್ಧೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೂ ಕಥೆ ಹೇಳಲಿ ಎಂದರು. ಕಾಜಲ್ ಪುಸ್ತಕವನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಬಿಡುವಾದವು ಎಂಬಂತೆ ಆಡಿಸುತ್ತ ಕಥೆ ಹೇಳಿದಳು. ಕೆಲವರು ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ತಟ್ಟಲಿಲ್ಲ. ಬಹುಮಾನ ಬೇರೆ ಊರಿನ ಹುಡುಗಿಗೆ ಹೋಯಿತು. ಹೊರಗೆ ಬರುವಾಗ ಅಧಿಕಾರಿ ಶೈಲಾಳನ್ನು ನಿಲ್ಲಿಸಿ, ಸೋಮವಾರ ಆಫೀಸಿಗೆ ಬಂದು ಕಾಣಬೇಕು ಎಂದಷ್ಟೇ ಹೇಳಿ ಜೀಪು ಹತ್ತಿದರು.

ಕುಲಗೋಡದ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ಮೂಡಲಗಿಯ ಬಸ್‌ಸ್ಟ್ಯಾಂಡಿನ ಬಾಜೂ ಗಾಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರು. ಬೆಳಗಿನಿಂದ ಇಬ್ಬರೂ ಏನೂ ತಿಂದಿರಲಿಲ್ಲ. ಒಂದು ತಾಟು ಭಜಿ, ಒಂದು ತಾಟು ಚುರಮುರಿ ತೆಗೆದುಕೊಂಡು ಕಟ್ಟೆಯ ಮೇಲೆ ಕುಳಿತರು. ಕಾಜಲ್ ಎರಡು ಭಜಿ ಮುಗಿಸಿ, ಖಾರಕ್ಕೆ ನಾಲಿಗೆ ಹೊರಗೆ ಮಾಡಿ ಗಾಳಿ ಹಾಕಿಕೊಂಡು, ಆಮೇಲೆ ಕೇಳಿದಳು.

"ಅವ್ವಾ, ಎದ್ದ ನಿಂದ್ರಾಕ ಅಷ್ಟ್ಯಾಕ ತಡಾ ಮಾಡಿದಿ?"

ಎರಡು ಮೂರು ಸುಳ್ಳು ಶೈಲಾಳ ಬಾಯಿಯವರೆಗೆ ಬಂದವು.

"ನಾಚಿಕಿ ಆತು," ಎಂದಳು.

ಕಾಜಲ್ ತಾಟಿನಲ್ಲಿ ಉಳಿದಿದ್ದ ಒಂದು ಭಜಿಯನ್ನು ಎರಡು ತುಂಡು ಮಾಡಿ, ದೊಡ್ಡದನ್ನು ತಾಯಿಯ ಕಡೆ ಸರಿಸಿದಳು.

"ನನಗ ದಿನಾ ಆಗತಿತ್ತು," ಎಂದಳು.